ರಿನೈಸಾನ್ಸ್ ಚಿತ್ರಗಳಲ್ಲಿ ಪ್ರೇಮದೇವತೆಗಳನ್ನು ಗುರುತಿಸುವುದು ಮತ್ತು ಓದುವುದು ಹೇಗೆ?

15 ಮತ್ತು 16ನೇ ಶತಮಾನಗಳ, ಅಂದರೆ ಯೂರೋಪಿನ ರಿನೈಸಾನ್ಸ್ (ಪುನರುಜ್ಜೀವನ) ಕಾಲದ, ಗ್ರೀಕ್ ಮತ್ತು ರೋಮನ್ ಪುರಾಣದ ಚಿತ್ರವೊಂದರ ಎದುರು ನಿಂತಾಗ ಅದರ ಕೆಳಗಿನ ಹೆಸರುಫಲಕವನ್ನು ಸ್ವಲ್ಪ ಹೊತ್ತು ಓದದೇ ಇರುವುದು ಒಳ್ಳೆಯದು. ಆ ಕಾಲದ ಕಲಾವಿದರು ತಮ್ಮ ಚಿತ್ರಗಳಿಗೆ ಹೆಸರಿಡುವ ರೂಢಿ ಇರಲಿಲ್ಲವಾದ್ದರಿಂದ, ಇಂದು ನಾವು ಕಾಣುವ ಹೆಸರುಗಳಲ್ಲಿ ಹೆಚ್ಚಿನವು ಆಮೇಲಿನ ಆಸ್ತಿಪಟ್ಟಿಗಳಿಂದ, ಸಂಗ್ರಾಹಕರಿಂದ ಮತ್ತು ಲೇಖಕರಿಂದ ಬಂದಂಥವು. ವೆನಿಸ್ಸಿನ ಚಿತ್ರಕಾರ ಟಿಶಿಯನ್ 1514ರ ಸುಮಾರಿಗೆ ಬರೆದ, ಈಗ ರೋಮಿನ ಬೊರ್ಗೇಸೆ ಸಂಗ್ರಹಾಲಯದಲ್ಲಿರುವ ಚಿತ್ರಕ್ಕೆ 'ಪವಿತ್ರ ಪ್ರೇಮ ಮತ್ತು ಲೌಕಿಕ ಪ್ರೇಮ' ಎಂಬ ಹೆಸರು ಅಂಟಿಕೊಂಡದ್ದು 17ನೇ ಶತಮಾನದ ಕೊನೆಯಲ್ಲಿ. ಇಂದು 'ಉರ್ಬಿನೊದ ವೀನಸ್' ಎಂದು ಜಗತ್ತೇ ಕರೆಯುವ ಅವನ ಇನ್ನೊಂದು ಚಿತ್ರವನ್ನು, ಅದನ್ನು ಕೊಳ್ಳಲು ಕಾತರನಾಗಿದ್ದ, ಉರ್ಬಿನೊವನ್ನು ಆಳುವ ಮನೆತನದ ಗ್ವಿಡೊಬಾಲ್ಡೊ ದೆಲ್ಲಾ ರೊವೆರೆ 1538ರ ತನ್ನ ಪತ್ರಗಳಲ್ಲಿ ಬರೀ 'ನಗ್ನ ಸ್ತ್ರೀ' ಎಂದು ಕರೆದಿದ್ದಾನೆ. ಹೀಗಿರುವಾಗ ಹೆಸರನ್ನು ಮೊದಲೇ ಒಪ್ಪಿಕೊಂಡು ನೋಡಿದರೆ, ಯಾರೋ ಮಾಡಿಟ್ಟ ತೀರ್ಮಾನಕ್ಕೆ ಪುರಾವೆ ಹುಡುಕುವ ಕೆಲಸವಷ್ಟೇ ನಮ್ಮ ಕಣ್ಣಿಗೆ ಉಳಿಯುತ್ತದೆ.

ಈ ಬರಹ ಅಂಥ ಚಿತ್ರಗಳನ್ನು ಸ್ವಂತ ಕಣ್ಣಿನಿಂದ ಓದಲು ಬಯಸುವವರಿಗಾಗಿ. ಕೈಯಲ್ಲಿರುವ ವಸ್ತುಗಳಿಂದ ದೇವತೆಯ ಹೆಸರು ತಿಳಿಯುತ್ತದೆ, ಆದರೆ ಹೆಸರು ತಿಳಿದ ಕೂಡಲೇ ಚಿತ್ರ ಅರ್ಥವಾಗಿಬಿಡುವುದಿಲ್ಲ. ಆ ದೇವತೆಗಳು ಒಬ್ಬರಿಗೊಬ್ಬರು ಏನು ಮಾಡುತ್ತಿದ್ದಾರೆ ಎಂಬುದರಲ್ಲಿಯೇ ಚಿತ್ರದ ಮಾತು ಅಡಗಿದೆ ಎಂಬುದು ನನ್ನ ನಂಬಿಕೆ, ಮುಂದಿನ ಸೂಚನೆಗಳೆಲ್ಲ ಆ ನಂಬಿಕೆಯನ್ನೇ ಆಧರಿಸಿವೆ.

ಗುರುತುಗಳು

ಪ್ರೇಮದ ಅಧಿದೇವತೆ ವೀನಸ್‌ಳನ್ನು ಗುರುತಿಸಲು ಪಾರಿವಾಳ, ಹಂಸ, ಗುಲಾಬಿ, ಸಮುದ್ರದ ಚಿಪ್ಪು, ಮರ್ಟಲ್ ಎಂಬ ನಿತ್ಯಹಸಿರಿನ ಗಿಡ ಮತ್ತು ಟ್ರಾಯ್ ನಗರದ ರಾಜಕುಮಾರ ಪ್ಯಾರಿಸ್ ಅವಳಿಗೆ ಕೊಟ್ಟ ಚಿನ್ನದ ಸೇಬು ನೆರವಾಗುತ್ತವೆ. ಇವುಗಳಲ್ಲಿ ಒಂದೇ ಒಂದು ಕಂಡರೆ ಸಾಲದು, ಎರಡು ಮೂರು ಒಟ್ಟಿಗೆ ಕಂಡರೆ ಧೈರ್ಯವಾಗಿ ಹೆಸರು ಹೇಳಬಹುದು. ನಗ್ನತೆಯೊಂದೇ ಗುರುತಲ್ಲ ಎಂಬುದನ್ನು ವಿಶೇಷವಾಗಿ ನೆನಪಿಡಬೇಕು, ಏಕೆಂದರೆ ಅಪ್ಸರೆಯರೂ, ಬೇಟೆಯ ದೇವತೆ ಡಯಾನಾಳೂ, ಡನೈ ಮತ್ತು ಲೀಡಾರಂಥ ಮಾನವ ಸ್ತ್ರೀಯರೂ ಈ ಚಿತ್ರಗಳಲ್ಲಿ ನಗ್ನರಾಗಿಯೇ ಕಾಣಿಸಿಕೊಳ್ಳುತ್ತಾರೆ. ಡ್ರೆಸ್ಡೆನ್‌ನಲ್ಲಿರುವ, ಜೊರ್ಜೊನೆ ಆರಂಭಿಸಿ ಟಿಶಿಯನ್ ಪೂರ್ಣಗೊಳಿಸಿದ್ದೆಂದು ತಿಳಿಯಲಾದ ಮಲಗಿರುವ ವೀನಸ್‌ಳ ಕಾಲ ಬಳಿ ಮೂಲತಃ ಅವಳ ಮಗ, ಪುಟ್ಟ ಪ್ರೇಮದೇವ ಕ್ಯುಪಿಡ್ ಇದ್ದನು. 19ನೇ ಶತಮಾನದಲ್ಲಿ, ಹಾಳಾಗಿದ್ದ ಆ ಭಾಗದ ಮೇಲೆ ಬಣ್ಣ ಬಳಿದು ಅವನನ್ನು ಮುಚ್ಚಲಾಯಿತು. ಅವನಿಲ್ಲದ ಈಗಿನ ಚಿತ್ರದಲ್ಲಿ ನಮಗೆ ಕಾಣುವುದು ಹೊಲಗಳ ನಡುವೆ ನಿದ್ರಿಸುತ್ತಿರುವ ಒಬ್ಬ ಹೆಣ್ಣು. ಚಿತ್ರದ ಸ್ಥಿತಿಗತಿಯ ಬಗ್ಗೆ ಸಂಗ್ರಹಾಲಯಗಳು ಪ್ರಕಟಿಸುವ ಮಾಹಿತಿಯನ್ನು ಓದಬೇಕೆಂದು ನಾನು ಒತ್ತಾಯಿಸುವುದು ಇದಕ್ಕಾಗಿಯೇ.

ಕ್ಯುಪಿಡ್‌ನಿಗೆ ರೆಕ್ಕೆ, ಬಿಲ್ಲು ಮತ್ತು ಬತ್ತಳಿಕೆ ಇರುತ್ತವೆ, ಕೆಲವೊಮ್ಮೆ ಉರಿಯುವ ಪಂಜೂ ಇರುತ್ತದೆ. ಮನ್ಮಥನ ಹೂಬಾಣಗಳನ್ನು ಬಲ್ಲ ನಮಗೆ ಕ್ಯುಪಿಡ್‌ನನ್ನು ಅವನ ಸ್ಥಾನದಲ್ಲಿ ಕೂರಿಸುವ ಆಸೆ ಸಹಜವಾಗಿ ಬರುತ್ತದೆ. ಆದರೆ ಮನ್ಮಥನು ರತಿಯ ಪತಿಯಾದ ಯುವಕ, ಕ್ಯುಪಿಡ್‌ನಾದರೋ ಈ ಚಿತ್ರಗಳಲ್ಲಿ ಬಹುತೇಕ ವೀನಸ್‌ಳ ಹಟಮಾರಿ ಮಗ, ಆದ್ದರಿಂದ ತಾಯಿ ಮಗನ ನಡುವಿನ ಎಳೆದಾಟವೇ ಅನೇಕ ಚಿತ್ರಗಳ ವಸ್ತು. ಅವನ ಬಾಣಗಳಲ್ಲೂ ಎರಡು ಬಗೆ ಇವೆ: ಪ್ರೇಮ ಹುಟ್ಟಿಸುವ ಚಿನ್ನದ ಬಾಣ ಮತ್ತು ಪ್ರೇಮವನ್ನು ಓಡಿಸುವ ಸೀಸದ ಬಾಣ. ಅಪೊಲೊ ಮತ್ತು ಡಾಫ್ನಿಯ ಕಥೆಯಲ್ಲಿ ರೋಮನ್ ಕವಿ ಓವಿಡ್ ಇದನ್ನು ಸ್ಪಷ್ಟವಾಗಿ ಹೇಳುತ್ತಾನೆ.

ಉಳಿದವರನ್ನು ಗುರುತಿಸುವುದು ಅಷ್ಟು ಕಷ್ಟವಲ್ಲ. ಶಿರಸ್ತ್ರಾಣ, ಕವಚ ಅಥವಾ ಈಟಿ ಇದ್ದರೆ ಯುದ್ಧದೇವತೆ ಮಾರ್ಸ್. ಕುಲುಮೆ, ಸುತ್ತಿಗೆ ಇದ್ದರೆ ವೀನಸ್‌ಳ ಗಂಡ ವಲ್ಕನ್. ಹಾವು ಸುತ್ತಿದ ಕೋಲು ಮತ್ತು ರೆಕ್ಕೆಯುಳ್ಳ ಪಾದರಕ್ಷೆ ಇದ್ದರೆ ದೇವತೆಗಳ ದೂತ ಮರ್ಕ್ಯುರಿ. ಒಬ್ಬರನ್ನೊಬ್ಬರು ಹಿಡಿದು ನಿಂತ ಮೂವರು ಸ್ತ್ರೀಯರು, ಅದರಲ್ಲೂ ನಡುವಿನವಳು ಬೆನ್ನು ತೋರಿಸಿ ನಿಂತಿದ್ದರೆ, ಗ್ರೇಸ್ ಎಂದು ಕರೆಯಲಾಗುವ ಮೂವರು ಸೋದರಿಯರು. ದೇವತೆಗಳ ರಾಜ ಜೂಪಿಟರ್‌ನದು ಮಾತ್ರ ವೇಷದ ಆಟ. ಚಿನ್ನದ ಮಳೆಯಾದರೆ ಜೊತೆಗಿರುವವಳು ಡನೈ, ಹಂಸವಾದರೆ ಲೀಡಾ, ಬಿಳಿ ಗೂಳಿಯಾದರೆ ಯೂರೋಪಾ, ಮೋಡವಾದರೆ ಇಯೊ. ಕೊರೆಜೊ 1530ರ ಸುಮಾರಿಗೆ ಬರೆದ, ವಿಯೆನ್ನಾದಲ್ಲಿರುವ ಇಯೊಳ ಚಿತ್ರದಲ್ಲಿ ಬೂದುಬಣ್ಣದ ಮೋಡದೊಳಗೆ ಒಂದು ಮುಖವೂ ಅವಳನ್ನು ಬಳಸಿದ ಒಂದು ದೊಡ್ಡ ಕೈಯೂ ಅಡಗಿವೆ. ನಿಧಾನವಾಗಿ ನೋಡದವರಿಗೆ ಅವು ಕಾಣುವುದೇ ಇಲ್ಲ.

ಕಥೆಯನ್ನು ಓದಿ, ಕಲಾವಿದ ಎಲ್ಲಿ ದಾರಿ ಬಿಟ್ಟಿದ್ದಾನೆಂದು ಹುಡುಕಿ

ಪಾತ್ರಗಳು ಯಾರೆಂದು ತಿಳಿದ ಬಳಿಕ ಅವರ ಕಥೆಯನ್ನು ಮೂಲಕ್ಕೆ ಹತ್ತಿರವಾದ ಅನುವಾದವೊಂದರಲ್ಲಿ ಓದಿಕೊಳ್ಳುವುದು ಅಗತ್ಯ. ಹೆಚ್ಚಿನ ಕಥೆಗಳು ಓವಿಡ್‌ನ 'ಮೆಟಮಾರ್ಫೊಸಿಸ್' ಕಾವ್ಯದಲ್ಲಿ ಸಿಗುತ್ತವೆ. ಕ್ಯುಪಿಡ್ ಮತ್ತು ಸೈಕಿಯ ಕಥೆಗೆ ರೋಮನ್ ಲೇಖಕ ಅಪುಲಿಯಸ್‌ನನ್ನೂ, ವೀನಸ್ ಮತ್ತು ಮಾರ್ಸ್‌ರನ್ನು ವಲ್ಕನ್ ಬಲೆಯಲ್ಲಿ ಹಿಡಿದ ಪ್ರಸಂಗಕ್ಕೆ ಹೋಮರನ 'ಒಡಿಸ್ಸಿ'ಯ ಎಂಟನೆಯ ಪರ್ವವನ್ನೂ ನೋಡಬೇಕು. ಕಥೆಯನ್ನು ಓದುವುದು ಚಿತ್ರ ಅದಕ್ಕೆ ಹೊಂದುತ್ತದೆಯೇ ಎಂದು ಪರೀಕ್ಷಿಸಲು ಮಾತ್ರವಲ್ಲ, ಅದು ಎಲ್ಲಿ ಹೊಂದುವುದಿಲ್ಲವೆಂದು ಕಂಡುಕೊಳ್ಳಲು ಕೂಡ.

ಮ್ಯಾಡ್ರಿಡ್‌ನ ಪ್ರಾದೊ ಸಂಗ್ರಹಾಲಯದಲ್ಲಿರುವ, ಟಿಶಿಯನ್ 1554ರಲ್ಲಿ ಸ್ಪೇನಿನ ಫಿಲಿಪ್‌ನಿಗೆ ಕಳುಹಿಸಿದ 'ವೀನಸ್ ಮತ್ತು ಅಡೋನಿಸ್' ಇದಕ್ಕೆ ಅತ್ಯುತ್ತಮ ಪಾಠ. ಓವಿಡ್‌ನ ಕಾವ್ಯದಲ್ಲಿ ವೀನಸ್ ತನ್ನ ಪ್ರಿಯಕರನಿಗೆ ಕ್ರೂರಮೃಗಗಳ ಬೇಟೆಗೆ ಹೋಗಬೇಡವೆಂದು ಎಚ್ಚರಿಸಿ, ಹಂಸಗಳು ಎಳೆಯುವ ರಥವನ್ನೇರಿ ತಾನೇ ಹೊರಟುಹೋಗುತ್ತಾಳೆ. ಅವಳು ಹೋದ ಮೇಲೆ ಅವನು ಬೇಟೆಗಿಳಿದು ಕಾಡುಹಂದಿಗೆ ಬಲಿಯಾಗುತ್ತಾನೆ. ಟಿಶಿಯನ್ ಈ ಕ್ರಮವನ್ನೇ ತಿರುಗಿಸಿದ್ದಾನೆ. ಇಲ್ಲಿ ಹೊರಟು ನಿಂತವನು ಅಡೋನಿಸ್, ಬೆನ್ನು ನಮಗೆ ಮಾಡಿ ಕುಳಿತಲ್ಲಿಂದಲೇ ತಿರುಗಿ ಅವನ ಎದೆಯನ್ನು ಎರಡೂ ಕೈಗಳಿಂದ ಬಳಸಿ ತಡೆಯುತ್ತಿರುವವಳು ದೇವತೆ, ಮತ್ತು ಹಿನ್ನೆಲೆಯಲ್ಲಿ ಕ್ಯುಪಿಡ್ ತನ್ನ ಬಿಲ್ಲು ಬತ್ತಳಿಕೆಗಳನ್ನು ಮರಕ್ಕೆ ತೂಗುಹಾಕಿ ನಿದ್ದೆ ಮಾಡುತ್ತಿದ್ದಾನೆ. ಪ್ರೇಮದ ಅಧಿದೇವತೆಯ ಮಾತೇ ನಡೆಯದ ಗಳಿಗೆ ಇದು, ಏಕೆಂದರೆ ಅವಳ ಬಾಣ ಹೂಡುವವನು ಎಚ್ಚರವಾಗಿಲ್ಲ. ಕಥೆಯಿಂದ ಪಕ್ಕಕ್ಕೆ ಸರಿದ ಆ ಒಂದು ಹೆಜ್ಜೆಯಲ್ಲಿಯೇ ಟಿಶಿಯನ್‌ನ ಪ್ರತಿಭೆಯೆಲ್ಲ ಕಾಣಿಸುತ್ತದೆ ಎನ್ನಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ಫ್ಲಾರೆನ್ಸಿನ ಉಫೀಜಿಯಲ್ಲಿರುವ ಬೊಟಿಚೆಲ್ಲಿಯ 'ಪ್ರಿಮವೆರಾ' ಇನ್ನೊಂದು ಬಗೆಯ ತಾಳ್ಮೆಯನ್ನು ಬೇಡುತ್ತದೆ. 1480ರ ಸುಮಾರಿನ, ಮೂರು ಮೀಟರಿಗೂ ಹೆಚ್ಚು ಅಗಲವಿರುವ ಈ ಹಲಗೆಯ ಚಿತ್ರವನ್ನು ಬಲದಿಂದ ಎಡಕ್ಕೆ ಓದಬೇಕು. ಬಲತುದಿಯಲ್ಲಿ ನೀಲಿ ಮೈಯ ಪಶ್ಚಿಮ ಗಾಳಿ ಜೆಫಿರಸ್ ಅಪ್ಸರೆ ಕ್ಲೋರಿಸ್‌ಳನ್ನು ಬಲವಂತವಾಗಿ ಹಿಡಿಯುತ್ತಿದ್ದಾನೆ ಮತ್ತು ಅವಳ ಬಾಯಿಂದ ಹೂಗಳು ಉದುರುತ್ತಿವೆ. ಪಕ್ಕದಲ್ಲೇ ಹೂವಿನ ಉಡುಪು ಧರಿಸಿ ಗುಲಾಬಿಗಳನ್ನು ಚೆಲ್ಲುತ್ತ ಬರುವ ಫ್ಲೋರಾ ಬೇರೊಬ್ಬಳಲ್ಲ, ರೂಪಾಂತರಗೊಂಡ ಅದೇ ಕ್ಲೋರಿಸ್. ಓವಿಡ್‌ನ 'ಫಾಸ್ಟಿ' ಕಾವ್ಯದಲ್ಲಿ ಫ್ಲೋರಾಳೇ ತನ್ನ ಬಾಯಿಂದ ಈ ಕಥೆ ಹೇಳುತ್ತಾಳೆ. ನಡುವೆ ಮರ್ಟಲ್ ಗಿಡದ ಮುಂದೆ ಪೂರ್ಣ ಉಡುಪಿನಲ್ಲಿ ವೀನಸ್ ನಿಂತಿದ್ದಾಳೆ. ಅವಳ ತಲೆಯ ಮೇಲೆ ಕಣ್ಣುಪಟ್ಟಿ ಕಟ್ಟಿಕೊಂಡ ಕ್ಯುಪಿಡ್ ಕುಣಿಯುತ್ತಿರುವ ಗ್ರೇಸ್‌ಗಳ ಕಡೆಗೆ ಬಾಣವನ್ನು ಗುರಿಯಿಟ್ಟಿದ್ದಾನೆ. ಎಡತುದಿಯಲ್ಲಿ ಮರ್ಕ್ಯುರಿ ಎಲ್ಲರಿಗೂ ಬೆನ್ನು ಮಾಡಿ ತನ್ನ ಕೋಲಿನಿಂದ ಮೋಡಗಳನ್ನು ಮುಟ್ಟುತ್ತಿದ್ದಾನೆ. ಬಲದಲ್ಲಿ ಬಲಾತ್ಕಾರದಿಂದ ಆರಂಭವಾದ ಪ್ರೇಮ ಎಡಕ್ಕೆ ಸಾಗಿದಂತೆ ಅರಳುವಿಕೆಯಾಗಿ, ನೃತ್ಯವಾಗಿ, ಕೊನೆಗೆ ಆಕಾಶದತ್ತ ತಿರುಗಿದ ನೋಟವಾಗಿ ಬದಲಾಗುತ್ತದೆ ಎಂದು ಅನೇಕ ವಿದ್ವಾಂಸರು ಓದಿದ್ದಾರೆ, ನನಗೂ ಅದು ಒಪ್ಪಿಗೆಯಾಗುತ್ತದೆ. ಹಾಗೆಂದು ಕ್ಲೋರಿಸ್‌ಳ ಮುಖದ ಭಯವನ್ನು ಈ ಸುಂದರ ವಿವರಣೆಯಿಂದ ಅಳಿಸಿಹಾಕಬಾರದು. ಪುರಾಣಗಳು ಪ್ರೇಮವೆಂದು ಕರೆಯುವ ಎಷ್ಟೋ ಘಟನೆಗಳು ವಾಸ್ತವದಲ್ಲಿ ಅಪಹರಣಗಳೇ, ಮತ್ತು ಬೊಟಿಚೆಲ್ಲಿಯಾಗಲಿ, ಯೂರೋಪಾಳನ್ನು ಗೂಳಿಯ ಬೆನ್ನ ಮೇಲೆ ಅಂಗಾತ ತೂರಾಡುವಂತೆ ಚಿತ್ರಿಸಿದ ಟಿಶಿಯನ್‌ನಾಗಲಿ ಅದನ್ನು ಮುಚ್ಚಿಟ್ಟಿಲ್ಲ.

ಯಾರು ಎಚ್ಚರವಾಗಿದ್ದಾರೆ?

ಒಂದೇ ಜೋಡಿಯನ್ನು ಬೇರೆ ಬೇರೆ ಕಲಾವಿದರಲ್ಲಿ ಹೋಲಿಸಿ ನೋಡುವುದು ನನಗೆ ಗೊತ್ತಿರುವ ಅತ್ಯಂತ ಫಲಕಾರಿ ಅಭ್ಯಾಸ. ವೀನಸ್ ಮತ್ತು ಮಾರ್ಸ್‌ರನ್ನೇ ಆರಿಸಿಕೊಳ್ಳಿ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ, 1485ರ ಸುಮಾರಿನ ಬೊಟಿಚೆಲ್ಲಿಯ ಉದ್ದನೆಯ ಹಲಗೆಯಲ್ಲಿ ವೀನಸ್ ಉಡುಪು ಧರಿಸಿ ಎಚ್ಚರವಾಗಿ ಕುಳಿತಿದ್ದಾಳೆ. ಯುದ್ಧದೇವತೆಯಾದರೋ ಬಾಯಿ ತೆರೆದುಕೊಂಡು ಗಾಢನಿದ್ರೆಯಲ್ಲಿದ್ದಾನೆ, ಮೇಕೆಗಾಲಿನ ಸ್ಯಾಟಿರ್ ಮಕ್ಕಳು ಅವನ ಈಟಿ, ಶಿರಸ್ತ್ರಾಣಗಳೊಂದಿಗೆ ಆಡುತ್ತಿದ್ದಾರೆ, ಒಬ್ಬನು ಕಿವಿಯ ಬಳಿಯೇ ಶಂಖ ಊದಿದರೂ ಅವನಿಗೆ ಎಚ್ಚರವಾಗುವುದಿಲ್ಲ. ಅವನ ತಲೆಯ ಹತ್ತಿರ ಹಾರಾಡುವ ಕಣಜದ ಹುಳುಗಳು ಫ್ಲಾರೆನ್ಸಿನ ವೆಸ್ಪುಚಿ ಮನೆತನವನ್ನು (ಇಟಾಲಿಯನ್ ಭಾಷೆಯಲ್ಲಿ ಕಣಜಕ್ಕೆ 'ವೆಸ್ಪಾ' ಎನ್ನುತ್ತಾರೆ) ಸೂಚಿಸಬಹುದೆಂಬ ಊಹೆಯಿದೆ. ಬರ್ಲಿನ್ನಿನಲ್ಲಿರುವ ಪಿಯೆರೊ ದಿ ಕೋಸಿಮೊನ ಚಿತ್ರದಲ್ಲಿ ಇದೇ ಜೋಡಿ ಇದೇ ರೀತಿ ಮಲಗಿದ್ದರೂ, ಮೊಲ, ಜೋಡಿ ಪಾರಿವಾಳ, ವೀನಸ್‌ಳ ಕಾಲ ಮೇಲೆ ಕುಳಿತ ಚಿಟ್ಟೆಯಿಂದಾಗಿ ಅದು ಹೊಲದ ಬದಿಯ ಒಂದು ನೆಮ್ಮದಿಯ ಮಧ್ಯಾಹ್ನದಂತೆ ತೋರುತ್ತದೆ.

ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿರುವ ಮಂತೆನ್ಯಾನ 1497ರ 'ಪರ್ನಾಸಸ್' ಕಡೆಗೆ ತಿರುಗಿ. ಮಾಂಟುವಾದ ಇಸಬೆಲ್ಲಾ ದೆಸ್ತೆಯ ಖಾಸಗಿ ಅಧ್ಯಯನಕೊಠಡಿಗಾಗಿ ಬರೆದ ಆ ಚಿತ್ರದಲ್ಲಿ ವೀನಸ್ ಮತ್ತು ಮಾರ್ಸ್ ಬಂಡೆಯ ಕಮಾನಿನ ಮೇಲೆ ರಾಜದಂಪತಿಗಳಂತೆ ನೇರವಾಗಿ ನಿಂತಿದ್ದಾರೆ. ಕೆಳಗೆ ಕಲೆಗಳ ದೇವಿಯರಾದ ಮ್ಯೂಸ್‌ಗಳು ನರ್ತಿಸುತ್ತಿದ್ದಾರೆ, ಗುಹೆಯ ಬಾಯಲ್ಲಿ ವಲ್ಕನ್ ಕೋಪದಿಂದ ಕೈಯೆತ್ತಿದ್ದಾನೆ, ಒಬ್ಬ ಪುಟ್ಟ ಪ್ರೇಮದೇವತೆ ಅವನತ್ತ ಊದುಗೊಳವೆಯನ್ನು ಗುರಿಯಿಟ್ಟಿದ್ದಾನೆ. ಮ್ಯೂನಿಕ್‌ನಲ್ಲಿರುವ ತಿಂತೊರೆತ್ತೊನ ಚಿತ್ರದಲ್ಲಂತೂ ಮಾರ್ಸ್ ಶಿರಸ್ತ್ರಾಣ ಸಮೇತ ಮೇಜಿನ ಕೆಳಗೆ ಅಡಗಿದ್ದಾನೆ, ಸಣ್ಣ ನಾಯಿಯೊಂದು ಅವನತ್ತ ಬೊಗಳುತ್ತಿದೆ, ವಲ್ಕನ್ ಹೆಂಡತಿಯ ಮೇಲಿನ ಬಟ್ಟೆಯನ್ನೆತ್ತಿ ಪರೀಕ್ಷಿಸುತ್ತಿದ್ದಾನೆ, ಕ್ಯುಪಿಡ್ ಕಿಟಕಿಯ ಬಳಿ ನಿದ್ರಿಸುತ್ತಿದ್ದಾನೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದ ವೆರೊನೇಸೆ ಚಿತ್ರದಲ್ಲಿ ಕ್ಯುಪಿಡ್ ಇಬ್ಬರ ಕಾಲುಗಳನ್ನೂ ರಿಬ್ಬನ್ನಿನಿಂದ ಕಟ್ಟುತ್ತಿದ್ದಾನೆ. ಗುರುತಿನ ವಸ್ತುಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಅವೇ ಆಗಿದ್ದರೂ ಒಂದು ಕಡೆ ಪ್ರೇಮವು ಯುದ್ಧವನ್ನು ಗೆದ್ದಿದೆ, ಇನ್ನೊಂದು ಕಡೆ ಕಲೆಗಳಿಗೆ ಆಶ್ರಯವಾಗಿದೆ, ಮತ್ತೊಂದು ಕಡೆ ನಗೆಪಾಟಲಾಗಿದೆ, ಕೊನೆಯದರಲ್ಲಿ ಬಂಧನವಾಗಿದೆ. ಹೀಗಾಗಿ ಯಾರು ಎಚ್ಚರ, ಯಾರು ನಿದ್ರೆ, ಯಾರ ಕೈ ಯಾರ ಮೇಲಿದೆ, ಯಾರ ಆಯುಧ ಯಾರ ಬಳಿಯಿದೆ ಎಂದು ಪ್ರತಿ ಬಾರಿಯೂ ಕೇಳಿಕೊಳ್ಳುವುದು ಫಲಕೊಡುತ್ತದೆ.

ಕ್ಯುಪಿಡ್‌ನ ಕಣ್ಣುಪಟ್ಟಿಯನ್ನೂ ಇದೇ ದೃಷ್ಟಿಯಿಂದ ಪರಿಶೀಲಿಸಬೇಕು. ಪಟ್ಟಿ ಇದ್ದರೆ ಪ್ರೇಮ ಕುರುಡು ಎಂದು ಬರೆದುಕೊಂಡು ಮುಂದೆ ಹೋಗುವುದು ಸುಲಭ. ಆದರೆ ಬೊರ್ಗೇಸೆಯಲ್ಲಿರುವ, 1565ರ ಸುಮಾರಿನ ಟಿಶಿಯನ್ ಚಿತ್ರದಲ್ಲಿ ಪಟ್ಟಿ ಕಟ್ಟುತ್ತಿರುವವಳು ಸ್ವತಃ ವೀನಸ್, ಮತ್ತು ಅವಳ ಭುಜದ ಮೇಲಿಂದ ಕಣ್ಣು ಬಿಟ್ಟುಕೊಂಡ ಇನ್ನೊಬ್ಬ ಕ್ಯುಪಿಡ್ ಬಾಗಿದ್ದಾನೆ. ಜರ್ಮನಿಯ ಲೂಕಾಸ್ ಕ್ರಾನಾಕ್‌ನ, ಫಿಲಡೆಲ್ಫಿಯಾದಲ್ಲಿರುವ ಚಿತ್ರದಲ್ಲಿ ಕ್ಯುಪಿಡ್ ಪ್ಲೇಟೋನ ಕೃತಿಗಳ ಸಂಪುಟದ ಮೇಲೆ ನಿಂತು ತನ್ನ ಕಣ್ಣುಪಟ್ಟಿಯನ್ನು ತಾನೇ ಬಿಚ್ಚುತ್ತಿದ್ದಾನೆ.

ತತ್ತ್ವಶಾಸ್ತ್ರವನ್ನು ಎಷ್ಟು ನಂಬಬೇಕು

ಪ್ಲೇಟೋನ ಹೆಸರು ಬಂದದ್ದರಿಂದ ಒಂದು ಎಚ್ಚರಿಕೆ ಹೇಳಬೇಕು. ಫ್ಲಾರೆನ್ಸಿನ ತತ್ತ್ವಜ್ಞಾನಿ ಮಾರ್ಸಿಲಿಯೊ ಫಿಚಿನೊ 1469ರಲ್ಲಿ ಪ್ಲೇಟೋನ 'ಸಿಂಪೋಸಿಯಂ' ಸಂವಾದಕ್ಕೆ ವ್ಯಾಖ್ಯಾನ ಬರೆದು, ಸ್ವರ್ಗೀಯ ವೀನಸ್ ಮತ್ತು ಲೌಕಿಕ ವೀನಸ್ ಎಂಬ ಇಬ್ಬರನ್ನು ವಿವರಿಸಿದನು. ಆ ವಿಚಾರ ನಂತರದ ಕವಿಗಳ ಮೇಲೆ, ಆಸ್ಥಾನಗಳ ಸಂಭಾಷಣೆಯ ಮೇಲೆ ಆಳವಾದ ಪ್ರಭಾವ ಬೀರಿತು. ಟಿಶಿಯನ್‌ನ ಬೊರ್ಗೇಸೆ ಚಿತ್ರದಲ್ಲಿ ಕಲ್ಲಿನ ಶವಪೆಟ್ಟಿಗೆಯಂಥ ನೀರಿನ ತೊಟ್ಟಿಯ ಎರಡು ಬದಿಗಳಲ್ಲಿ, ಒಬ್ಬರನ್ನೊಬ್ಬರು ಹೋಲುವ ಇಬ್ಬರು ಸ್ತ್ರೀಯರು ಕುಳಿತಿರುವುದನ್ನು ಈ ಬೆಳಕಿನಲ್ಲಿ ಓದಲಾಗಿದೆ. ಹಾಗೆ ಓದುವಾಗ ಉಡುಪು ಧರಿಸಿದವಳೇ ಪವಿತ್ರಳೆಂದು ಭಾವಿಸಿದರೆ ತಪ್ಪುವ ಸಾಧ್ಯತೆಯಿದೆ. ಅಲಂಕಾರದ ಹಂಗಿಲ್ಲದೆ, ಉರಿಯುವ ದೀಪವನ್ನೆತ್ತಿ ಹಿಡಿದ ನಗ್ನಳೇ ಸ್ವರ್ಗೀಯ ಪ್ರೇಮ ಎಂಬುದು ಆ ಓದಿನ ತಿರುಳು.

ಆದರೂ ಅದೇ ತೊಟ್ಟಿಯ ಮೇಲೆ ವೆನಿಸ್ಸಿನ ಅಧಿಕಾರಿ ನಿಕ್ಕೊಲೊ ಔರೇಲಿಯೊನ ಮನೆತನದ ಲಾಂಛನವಿದೆ, ಅವನು 1514ರಲ್ಲಿ ಪಡುವಾದ ಲೌರಾ ಬಗರೊತ್ತೊ ಎಂಬ ವಿಧವೆಯನ್ನು ಮದುವೆಯಾದನು. ಬಿಳಿಯುಡುಪಿನವಳ ತಲೆಯ ಮರ್ಟಲ್ ಮಾಲೆ, ಕೈಗವಸು, ಗುಲಾಬಿಗಳೆಲ್ಲ ವಧುವಿಗೆ ಒಪ್ಪುವಂಥವು. ಅಂದರೆ ಅವಳು ದೇವತೆಯಾಗಿರದೆ ವಧುವಾಗಿರಬಹುದು, ಎದುರಿನ ವೀನಸ್ ಅವಳನ್ನು ಪ್ರೇಮಕ್ಕೆ ಆಹ್ವಾನಿಸುತ್ತಿರಬಹುದು. ಇಂಥ ಸಂದರ್ಭದಲ್ಲಿ ತತ್ತ್ವಕ್ಕಿಂತ ಮೊದಲು ಲಾಂಛನವನ್ನು ನೋಡುವುದು ಮೇಲು, ಏಕೆಂದರೆ ಲಾಂಛನ ಕಣ್ಣಿಗೆ ಕಾಣುತ್ತದೆ.

ಚಿತ್ರ ತೂಗಿದ್ದ ಗೋಡೆ

ಸಂಗ್ರಹಾಲಯದ ಗೋಡೆ ಈ ಚಿತ್ರಗಳ ಮೊದಲ ಮನೆಯಲ್ಲ. 'ಪ್ರಿಮವೆರಾ' 15ನೇ ಶತಮಾನದ ಕೊನೆಯ ಆಸ್ತಿಪಟ್ಟಿಯ ಪ್ರಕಾರ ಫ್ಲಾರೆನ್ಸಿನ ಪ್ರಬಲ ಮೆಡಿಚಿ ಮನೆತನದ ಕಿರಿಯ ಶಾಖೆಯ ನಗರನಿವಾಸದಲ್ಲಿ, ಒರಗುಬೆನ್ನಿನ ಮಂಚದಂಥ ಆಸನವೊಂದರ ಮೇಲ್ಭಾಗದಲ್ಲಿತ್ತು. ಲೊರೆಂಜೊ ಲೊತ್ತೊನ 'ವೀನಸ್ ಮತ್ತು ಕ್ಯುಪಿಡ್' ಚಿತ್ರದಲ್ಲಿ ಕ್ಯುಪಿಡ್ ನಗುತ್ತಾ ಮರ್ಟಲ್ ಮಾಲೆಯ ಮೂಲಕ ವೀನಸ್‌ಳ ಮೇಲೆ ಮೂತ್ರ ವಿಸರ್ಜಿಸುವುದು ಇಂದಿನವರಿಗೆ ವಿಚಿತ್ರವೆನಿಸಿದರೂ, ವಧುವಿನ ಕಿರೀಟ ಮತ್ತು ಮೇಲುಮುಸುಕು ಧರಿಸಿದ ಅವಳನ್ನು ನೋಡಿದರೆ ಅದು ಸಂತಾನಪ್ರಾಪ್ತಿಯ ಹಾರೈಕೆಯೆಂದು ತಿಳಿಯುತ್ತದೆ. 'ಉರ್ಬಿನೊದ ವೀನಸ್' ಚಿತ್ರದಲ್ಲಿ ಕ್ಯುಪಿಡ್ ಇಲ್ಲ. ಗುಲಾಬಿಗಳು, ಕಿಟಕಿಯ ಮೇಲಿನ ಮರ್ಟಲ್ ಕುಂಡ, ನಿದ್ರಿಸುವ ನಾಯಿ ಮತ್ತು ಹಿಂದೆ ಬಟ್ಟೆಪೆಟ್ಟಿಗೆಯ ಬಳಿ ಇಬ್ಬರು ದಾಸಿಯರು ಇದ್ದಾರೆ. ಅವಳು ದೇವತೆಯೋ ಮನೆಯೊಡತಿಯೋ ಎಂಬ ಚರ್ಚೆ ಮುಗಿದಿಲ್ಲ, ಮುಗಿಯಬೇಕಾದ ಅಗತ್ಯವೂ ನನಗೆ ಕಾಣುವುದಿಲ್ಲ.

ಅಳತೆಯನ್ನೂ ಗಮನಿಸಬೇಕು. ರಾಫಾಯೆಲ್‌ನ 'ಮೂವರು ಗ್ರೇಸ್‌ಗಳು' ಸುಮಾರು 17 ಸೆಂಟಿಮೀಟರಿನ ಚೌಕ, ಕೈಯಲ್ಲಿ ಹಿಡಿದು ನೋಡಬಹುದಾದಷ್ಟು ಚಿಕ್ಕದು. ಪರದೆಯ ಮೇಲೆ ಅದು 'ಪ್ರಿಮವೆರಾ'ದಷ್ಟೇ ದೊಡ್ಡದಾಗಿ ಕಾಣುತ್ತದೆ. ಪ್ರತಿಕೃತಿಯಿಂದ ಅಭ್ಯಾಸ ಮಾಡುವವರು ಆಯಾ ಸಂಗ್ರಹಾಲಯವೇ ಜಾಲತಾಣದಲ್ಲಿ ಕೊಡುವ ಪೂರ್ಣ ಚಿತ್ರವನ್ನು ಬಳಸಬೇಕು, ಅಂಚು ಕತ್ತರಿಸಿದ ಪ್ರತಿಗಳಲ್ಲಿ ಮುಖ್ಯ ಪಾತ್ರವೇ ಕಾಣೆಯಾಗಿರುತ್ತದೆ.

ಕಠಿಣವಾದ ಒಂದು ಚಿತ್ರದ ಮೇಲೆ ಪ್ರಯೋಗ

ಇಷ್ಟರ ಬಳಿಕ ಬ್ರೊಂಜಿನೊ 1545ರ ಸುಮಾರಿಗೆ ಬರೆದ, ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ವೀನಸ್ ಮತ್ತು ಕ್ಯುಪಿಡ್‌ರ ರೂಪಕಚಿತ್ರವನ್ನು ಎತ್ತಿಕೊಳ್ಳಿ. ಇದು ಫ್ರಾನ್ಸಿನ ದೊರೆ ಒಂದನೇ ಫ್ರಾನ್ಸಿಸ್‌ನಿಗೆ ಕಳುಹಿಸಿದ ಚಿತ್ರವೆಂದು ಆ ಕಾಲದ ಕಲಾವಿದರ ಜೀವನಚರಿತ್ರೆಗಳನ್ನು ಬರೆದ ವಸಾರಿ ಹೇಳಿದ್ದಾನೆ. ಚಿನ್ನದ ಸೇಬು ಮತ್ತು ಪಾರಿವಾಳಗಳಿಂದ ವೀನಸ್‌ಳನ್ನೂ, ರೆಕ್ಕೆ ಮತ್ತು ಬತ್ತಳಿಕೆಯಿಂದ ಕ್ಯುಪಿಡ್‌ನನ್ನೂ ಕ್ಷಣದಲ್ಲಿ ಗುರುತಿಸಬಹುದು. ಅನಂತರ ಕೈಗಳನ್ನು ನೋಡಿ. ತಾಯಿ ಮಗ ಮುತ್ತಿಡುತ್ತಿರುವಾಗಲೇ ವೀನಸ್ ಕ್ಯುಪಿಡ್‌ನ ಬಾಣವನ್ನು ಕಸಿದು ಮೇಲೆತ್ತಿದ್ದಾಳೆ, ಕ್ಯುಪಿಡ್‌ನ ಕೈ ಅವಳ ತಲೆಯ ಆಭರಣದ ಮೇಲಿದೆ. ಪ್ರೀತಿಯ ನಟನೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನಿರಾಯುಧರನ್ನಾಗಿಸುತ್ತಿದ್ದಾರೆ.

ಬಲಗಡೆ ಗುಲಾಬಿಗಳನ್ನು ಎರಚಲು ಓಡಿಬರುವ ನಗುಮುಖದ ಹುಡುಗನ ಪಾದದಲ್ಲಿ ಮುಳ್ಳು ಚುಚ್ಚಿಕೊಂಡಿದೆ, ಅವನಿಗೆ ಅದರ ಪರಿವೆಯಿಲ್ಲ. ಅವನ ಹಿಂದೆ ಮುದ್ದಾದ ಹುಡುಗಿಯ ಮುಖವಿದೆ, ಆದರೆ ಹಸಿರು ಉಡುಪಿನ ಕೆಳಗೆ ಹುರುಪೆಯ ಮೈ ಮತ್ತು ಬಾಲ ಕಾಣುತ್ತವೆ. ಒಂದು ಕೈಯಲ್ಲಿ ಜೇನುಹುಟ್ಟಿನ ತುಂಡನ್ನು ನೀಡುತ್ತ ಇನ್ನೊಂದು ಕೈಯಲ್ಲಿ ತನ್ನ ಬಾಲದ ಕೊಂಡಿಯನ್ನು ಹಿಡಿದಿರುವ ಅವಳ ಎಡಗೈ ಬಲಗೈಗಳು ಅದಲುಬದಲಾಗಿವೆ. ಅವಳನ್ನು ವಂಚನೆಯೆಂದು ಓದುವುದರಲ್ಲಿ ಹೆಚ್ಚಿನವರಿಗೆ ಒಮ್ಮತವಿದೆ. ಎಡಗಡೆ ಕೂದಲು ಕಿತ್ತುಕೊಂಡು ಕಿರುಚುವ ಆಕೃತಿಯನ್ನು ಕೆಲವರು ಮತ್ಸರವೆನ್ನುತ್ತಾರೆ, ಕೆಲವರು ಆಗ ಯೂರೋಪಿನಲ್ಲಿ ಹರಡಿದ್ದ ಸಿಫಿಲಿಸ್ ರೋಗದ ರೂಪವೆನ್ನುತ್ತಾರೆ. ಆ ದೇಹದ ನೋವು ನನಗೆ ಬರೀ ಮನಸ್ಸಿನದೆಂದು ಅನಿಸುವುದಿಲ್ಲ.

ಮೇಲೆ ಮರಳುಗಡಿಯಾರ ಹೊತ್ತ ಕಾಲಪುರುಷ ಬಲತೋಳನ್ನು ಚಾಚಿ ನೀಲಿ ಪರದೆಯನ್ನು ಹಿಡಿದಿದ್ದಾನೆ, ಎದುರು ಮೂಲೆಯಲ್ಲಿ ಮುಖವಾಡದಂತೆ ಹಿಂಬದಿಯೇ ಇಲ್ಲದ ತಲೆಯ ಇನ್ನೊಬ್ಬಳು ಅದೇ ಪರದೆಯನ್ನು ಹಿಡಿದಿದ್ದಾಳೆ. ಅವಳು ವಿಸ್ಮೃತಿಯಾಗಿದ್ದರೆ ಕಾಲ ತೆರೆಯುತ್ತಿರುವುದನ್ನು ಮುಚ್ಚಲು ಹೆಣಗುತ್ತಿದ್ದಾಳೆ. ಬೇರೆ ಯಾರಾದರೂ ಆಗಿದ್ದರೆ ಇಬ್ಬರೂ ಸೇರಿ ಆ ಪರದೆಯನ್ನು ಸರಿಸುತ್ತಿರಬಹುದು. ಈ ಎರಡರಲ್ಲಿ ಯಾವುದು ಸರಿಯೆಂದು ತೀರ್ಮಾನಿಸುವ ಮೊದಲು ನಾಲ್ಕು ವಿಷಯಗಳನ್ನು ಬರೆದಿಟ್ಟುಕೊಳ್ಳಿ: ಬಟ್ಟೆಯ ಮಡಿಕೆಗಳು ಯಾವ ಕಡೆಗೆ ಎಳೆದುಕೊಂಡಿವೆ, ಕಾಲಪುರುಷನ ಕಣ್ಣು ಯಾರ ಮೇಲಿದೆ, ಅವಳ ಬಾಯಿ ಏಕೆ ತೆರೆದಿದೆ, ಪರದೆ ಮುಚ್ಚಿದರೆ ಯಾರು ಮರೆಯಾಗುತ್ತಾರೆ. ಆ ಟಿಪ್ಪಣಿ ಕೈಯಲ್ಲಿದ್ದರೆ, ವಿದ್ವಾಂಸರ ವಾದಗಳನ್ನು ಓದುವಾಗ ಯಾವ ವಾದ ಚಿತ್ರವನ್ನು ನೋಡಿ ಹುಟ್ಟಿದೆ, ಯಾವುದು ಪುಸ್ತಕಗಳಿಂದ ಮಾತ್ರ ಹುಟ್ಟಿದೆ ಎಂದು ನೀವೇ ಬೇರ್ಪಡಿಸಬಲ್ಲಿರಿ.